ಜಾರುಕಿಟಕಿ ಪ್ರಸಾದರ ಬೀಳ್ಕೊಡುಗೆ

ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಹೊಳೆಯ ಕಡೆಗೆ ಇಳಿಯುವ ಒಂದು ಸಣ್ಣ ಬೀದಿಯಲ್ಲಿ ಗಂಗಾಧರಪ್ಪನವರ ಮನೆ. ಆ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದವರು ಬಸವಪ್ರಸಾದರು. ಗಾವಡಗೆರೆಯ ಸೊಸೈಟಿಯಲ್ಲಿ ಗುಮಾಸ್ತರು. ಐವತ್ತು ದಾಟಿದ ವಯಸ್ಸು. ಮದುವೆ ಎಂಬುದು ಅವರ ವಿಷಯದಲ್ಲಿ ಬೇಡವೆಂದು ಬಿಟ್ಟದ್ದೂ ಅಲ್ಲ, ಬೇಕೆಂದು ಸಿಗದೆ ಹೋದದ್ದೂ ಅಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತ ಎನ್ನುತ್ತ ಹಿಂದಿನ ವರ್ಷಗಳಿಗೆ ಸೇರಿಹೋದದ್ದು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಮೆಟ್ಟಿಲಿಳಿದರೆ ಸಂಜೆ ಒಂದು ಕಟ್ಟು ಸೊಪ್ಪು ಹಿಡಿದು ಮೆಟ್ಟಿಲು ಹತ್ತುವುದು. ನಡುವೆ ಯಾರಾದರೂ ಎದುರಾದರೆ ಬದಿಗೆ ಸರಿದು ದಾರಿ ಬಿಡುವುದು. ಅವರ ಲೋಕವ್ಯವಹಾರ ಇಷ್ಟೇ.

ಇಂಥ ಮನುಷ್ಯನನ್ನು ಇಡೀ ಬೀದಿಯ ಬಾಯಿಗೆ ಬೀಳಿಸಿದ್ದು ಒಂದು ಕಿಟಕಿ.

ಅಲ್ಯೂಮಿನಿಯಂ ಚೌಕಟ್ಟಿನ, ಪಕ್ಕಕ್ಕೆ ಜಾರುವ ಕಿಟಕಿ. ಎರಡು ಗಾಜಿನ ಬಾಗಿಲುಗಳು ಒಂದರ ಹಿಂದೊಂದು ಸರಿಯಬೇಕು. ಗಂಗಾಧರಪ್ಪನವರು ಮನೆ ಕಟ್ಟಿಸಿದ ಕಾಲಕ್ಕೆ ಬೀದಿಯಲ್ಲೆಲ್ಲ ಮರದ ಕಿಟಕಿಗಳೇ ಇದ್ದದ್ದರಿಂದ ಅವರಿಗೆ ಇದರ ಮೇಲೆ ವಿಪರೀತ ಅಭಿಮಾನ. "ಮೈಸೂರಿಂದ ತರಿಸಿದ್ದು. ಜನ್ಮದಲ್ಲಿ ಕೆಡಲ್ಲ. ಕೆಟ್ರೆ ಅದು ಕಿಟಕಿ ದೋಷ ಅಲ್ಲ, ಕೈ ದೋಷ," ಎಂದು ಬಾಡಿಗೆಗೆ ಬಂದ ಮೊದಲ ದಿನವೇ ಬಸವಪ್ರಸಾದರಿಗೆ ಹೇಳಿದ್ದರು. ಆದ್ದರಿಂದ ಕೆಳಗಿನ ಗಾಲಿಗಳು ಸವೆದು ಕಿಟಕಿ ತಡವರಿಸತೊಡಗಿದಾಗ ಬಸವಪ್ರಸಾದರು ಮೊದಲು ನೋಡಿಕೊಂಡದ್ದು ತಮ್ಮ ಕೈಗಳನ್ನು.

ಮೊದಲು ಒಂದು ಕೈಯಲ್ಲಿ ಎಳೆದರು, ಆಮೇಲೆ ಎರಡು ಕೈಯಲ್ಲಿ, ಆಮೇಲೆ ಭುಜ ಕೊಟ್ಟು. ಕೊನೆಗೆ ಗೋಡೆಗೆ ಒಂದು ಕಾಲು ಕೊಟ್ಟು ಎಳೆಯುವ ಹಂತ ಬಂತು. ಆಗ ಅದು ಹೊರಡಿಸುತ್ತಿದ್ದ ಸದ್ದಿಗೆ ಎದುರುಮನೆಯ ವಿಮಲಮ್ಮ ಜಗುಲಿಯಿಂದ, "ಯಾವನ್ಲಾ ಅದು, ಬೆಳ್‌ಬೆಳಿಗ್ಗೇನೆ ಬಾಣಲಿ ಕೆರೀತಿರೋನು?" ಎಂದು ಕೂಗುತ್ತಿದ್ದರು. ಬಸವಪ್ರಸಾದರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಒಂದು ಭಾನುವಾರ ಕಿಟಕಿ ಮುಚ್ಚಿದ್ದು ಮುಚ್ಚಿದ ಹಾಗೇ ನಿಂತುಬಿಟ್ಟಿತು.

ಯಜಮಾನರಿಗೆ ಹೇಳುವುದು ಸಾಧ್ಯವಿರಲಿಲ್ಲ. ಗುಟ್ಟಾಗಿ ತಾವೇ ರಿಪೇರಿ ಮಾಡುವುದೆಂದು ಬಸವಪ್ರಸಾದರು ತೀರ್ಮಾನಿಸಿದರು. ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಅದರಲ್ಲಿ ಒಬ್ಬಾತ ಕಿಟಕಿಯನ್ನು ಎರಡು ಬೆರಳಲ್ಲಿ ಮೇಲಿನ ತೋಡಿಗೆ ಎತ್ತಿ, ಬುಡವನ್ನು ತನ್ನ ಕಡೆಗೆ ಎಳೆದು, ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸಾಗಿ ಬಿಚ್ಚಿ ಕೆಳಗಿಟ್ಟ. ಬಸವಪ್ರಸಾದರೂ ಎತ್ತಿದರು. ಬುಡ ಬಂತು. ತಲೆ ಬರಲಿಲ್ಲ. ಆಮೇಲೆ ತಲೆ ಬಂತು, ಇಡೀ ಕಿಟಕಿ ಮೈಮೇಲೆ ಬಂತು. ಅದನ್ನು ಎರಡೂ ತೋಳಲ್ಲಿ ಬಿಗಿಯಾಗಿ ತಬ್ಬಿಕೊಂಡು ತುಂಬ ಹೊತ್ತು ಹಾಗೇ ನಿಂತಿದ್ದರು. ಅಷ್ಟು ಗಟ್ಟಿಯಾಗಿ ಅವರು ಬದುಕಿನಲ್ಲಿ ಬೇರೆ ಯಾರನ್ನೂ ತಬ್ಬಿಕೊಂಡದ್ದಿಲ್ಲ.

ತಿರುಗಿಸಿ ನೋಡಿದರೆ ಗಾಲಿಗಳು ಒಂದು ಕಡೆ ಕಡಲೆಬೇಳೆಯ ಹಾಗೆ ಚಪ್ಪಟೆ. ಊರಿನ ಹಾರ್ಡ್‌ವೇರ್ ಅಂಗಡಿಗೆ ಫೋನ್ ಮಾಡಿದರು. "ಆ ಮಾಡೆಲ್ ಈಗ ಬರಲ್ಲ ಸಾರ್. ಪಿರಿಯಾಪಟ್ಟಣದಲ್ಲಿ ಚಲುವರಾಜು ಅಂತ ಅವ್ರೆ, ಅಲ್ಯೂಮಿನಿಯಂ ಕೆಲಸ ಮಾಡೋರು. ಸುಮ್ನೆ ಹೋಗ್ಬೇಡಿ, ಪೀಸ್ ತಗೊಂಡು ಹೋಗಿ," ಎಂದಿತು ಅಂಗಡಿ.

ಪೀಸ್ ಎಂದರೆ ಗಾಲಿ. ಬಸವಪ್ರಸಾದರಿಗೆ ಅರ್ಥವಾದದ್ದು ಕಿಟಕಿ.

ಮರುದಿನ ರಜೆ ಹಾಕಿ, ಕಿಟಕಿಯ ಆ ಬಾಗಿಲನ್ನು ಕಂಬಳಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಖಾಲಿಯಾದ ಜಾಗಕ್ಕೆ ಸೊಸೈಟಿಯಿಂದ ತಂದಿದ್ದ ಯೂರಿಯಾ ಚೀಲವೊಂದನ್ನು ಕಟ್ಟಿ, ಬೆಕ್ಕಿನ ಹಾಗೆ ಮೆಟ್ಟಿಲಿಳಿದರು. ಗೇಟಿನಲ್ಲಿ ಯಜಮಾನರ ಹೆಂಡತಿ ಸುನಂದಮ್ಮ ರಂಗೋಲಿ ಬಿಡುತ್ತಿದ್ದರು.

"ಎಲ್ಲಿಗ್ರೀ ಪ್ರಸಾದ್ರೇ, ಇಷ್ಟು ದೊಡ್ಡ ಗಂಟು?"

"ಪಿರಿಯಾಪಟ್ಟಣಕ್ಕಮ್ಮ."

"ಸಂಜೆಗೆ ಬತ್ತೀರಾ?"

"ಇವತ್ತು ಬತ್ತೀನಿ. ಮೇಲೆ ಇನ್ನೂ ಇದೆಯಲ್ಲ. ಒಂದೊಂದಾಗಿ ಸಾಗಿಸ್ಬೇಕು."

ಸುನಂದಮ್ಮನ ಕೈಯಲ್ಲಿದ್ದ ರಂಗೋಲಿ ಹುಡಿ ಒಂದೇ ಕಡೆ ಗುಡ್ಡೆಯಾಗಿ ಬಿತ್ತು. "ಅಂದ್ರೆ... ಎಲ್ಲಾನೂ?"

"ಹೂನಮ್ಮ. ಒಂದು ಮಾಡಿ ಒಂದು ಬಿಡೋಕಾಗಲ್ಲ. ದಯವಿಟ್ಟು ಯಜಮಾನ್ರಿಗೆ ಮಾತ್ರ ಹೇಳ್ಬೇಡಿ. ಬೇಜಾರ್ ಮಾಡ್ಕೋತಾರೆ. ಮುಗಿದ್ಮೇಲೆ ನಾನೇ ಹೇಳ್ತೀನಿ."

ಹೇಳಬೇಡಿ ಎಂದು ಕೇಳಿಕೊಂಡ ಮಾತನ್ನು ಸುನಂದಮ್ಮ ಅಕ್ಷರಶಃ ಪಾಲಿಸಿದರು. ಯಜಮಾನರಿಗೆ ಹೇಳಲಿಲ್ಲ. ಮೊದಲು ಎದುರುಮನೆಗೆ ಹೇಳಿದರು.

"ಕಾಲಿ ಮಾಡ್ತಾವ್ರಾ?" ಎಂದು ವಿಮಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಹಡಿಯ ಕಡೆ ಕತ್ತೆತ್ತಿ ನೋಡಿದರು. ಯೂರಿಯಾ ಚೀಲ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. "ಅದ್ಕೇಯ ಕಿಟ್ಕೀಗೆ ಗೊಬ್ಬರದ ಚೀಲ ಕಟ್ಟಿರೋದು. ಒಳ್ಗೆ ಏನೂ ಉಳ್ದಿಲ್ಲ ಕಣವ್ವ. ಪಾಪ, ಯಾರ್ಗೂ ಗೊತ್ತಾಗ್ದಂಗೆ ಸಾಗ್ಸವ್ನೆ."

ಅತ್ತ ಬಸ್ಸಿನಲ್ಲಿ ಬಸವಪ್ರಸಾದರು ಕಿಟಕಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದರು. ಮೊದಲ ಹಳ್ಳದಲ್ಲೇ ಹಗ್ಗ ಸಡಿಲಿ ಕಂಬಳಿ ಜಾರಿಬಿತ್ತು. ಎದುರು ಸೀಟಿನ ಅಜ್ಜಿ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು, ಕುಂಕುಮ ನೆಟ್ಟಗೆ ಮಾಡಿಕೊಂಡು, "ಒಸಿ ಅತ್ತಗೆ ತಿರುಗ್ಸಪ್ಪ, ಜಡೆ ಕಾಣ್ತಿಲ್ಲ," ಎಂದಳು. ಬಸವಪ್ರಸಾದರು ತಿರುಗಿಸಿದರು. ಹಿಂದಿನ ಸೀಟಿನವನು ಗಾಳಿ ಬರುತ್ತಿಲ್ಲ, ಗಾಜು ಸರಿಸಿ ಎಂದ. ಅದು ಸರಿಯುವುದಿಲ್ಲ, ಸರಿಯುವುದಿಲ್ಲವೆಂದೇ ತೆಗೆದುಕೊಂಡು ಹೋಗುತ್ತಿರುವುದು ಎಂದು ಇವರು ವಿವರಿಸಿದರು. ಕಂಡಕ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನ್ ಸ್ವಾಮಿ ಇದು?"

"ಕಿಟಕಿ."

"ನಮ್ ಬಸ್ಸಲ್ಲಿ ಕಿಟಕಿ ಐತೆ ಕಣ್ರೀ. ಮನೆಯಿಂದ ತರ್ಬೇಕಾಗಿಲ್ಲ."

ಬಸ್ಸೆಲ್ಲ ನಕ್ಕಿತು. ಬಸವಪ್ರಸಾದರೂ ನಕ್ಕರು. ಎಷ್ಟೋ ದಿನವಾಗಿತ್ತು ಅವರು ನಾಲ್ಕು ಜನರ ನಡುವೆ ಕೂತು ನಕ್ಕು. ಪಿರಿಯಾಪಟ್ಟಣ ಇಷ್ಟು ಬೇಗ ಬಂದುಬಿಟ್ಟಿತಲ್ಲ ಎಂದು ಅವರಿಗೆ ಬೇಸರವೇ ಆಯಿತು.

ಚಲುವರಾಜು ಮಾತಿನಲ್ಲಿ ಗಟ್ಟಿಗ. ಅಂಗಡಿಗೆ ಬಂದ ಕಿಟಕಿಯನ್ನು ನೋಡಿ ಹಣೆ ಚಚ್ಚಿಕೊಂಡ. "ಪೀಸ್ ಅಂದ್ರೆ ಗಾಲಿ ಸಾರ್! ಹಲ್ಲು ನೋವು ಅಂದ್ರೆ ಹಲ್ಲು ತೋರುಸ್ತಾರೆ, ದವಡೆ ಕಿತ್ಕೊಂಡು ಬತ್ತಾರಾ?" ಎಂದ. ಮಾತಿನ ಭರದಲ್ಲಿ ಅಳತೆ ನೋಡುವುದನ್ನು ಮರೆತು ಎರಡು ಜೊತೆ ಗಾಲಿ ಪೊಟ್ಟಣ ಕಟ್ಟಿಕೊಟ್ಟ. ಅವು ಅಂಗಡಿ ಷೋಕೇಸಿನ ದೊಡ್ಡ ಬಾಗಿಲಿನ ಗಾಲಿಗಳು. ಸಂಜೆ ಮನೆಗೆ ಬಂದು ಜೋಡಿಸಿದರೆ ಕಿಟಕಿ ಚೌಕಟ್ಟಿನೊಳಗೆ ಹೋಗಲೇ ಇಲ್ಲ. ದಸರಾ ಆನೆಯನ್ನು ಕರುವಿನ ಕೊಟ್ಟಿಗೆಗೆ ಹೊಡೆದ ಹಾಗೆ ಹೊರಗೇ ನಿಂತಿತು. ಬಸವಪ್ರಸಾದರು ಮತ್ತೆ ಯೂರಿಯಾ ಚೀಲ ಕಟ್ಟಿದರು.

ಅಷ್ಟರಲ್ಲಿ ಸುದ್ದಿ ಬೀದಿಯನ್ನೆಲ್ಲ ಸುತ್ತಿ, ದಣಿದು, ಕೊನೆಗೆ ಗಂಗಾಧರಪ್ಪನವರ ಕಿವಿಗೂ ಬಂದು ಸೇರಿತ್ತು. ಮಾರನೆಯ ದಿನ ಸಂಜೆ ಅವರು ಮೆಟ್ಟಿಲು ಹತ್ತಿ ಬಂದರು. ಹಿಂದೆ ಒಬ್ಬ ಯುವಕ, ಅವನ ಹಿಂದೆ ಕೊರಳಲ್ಲಿ ಹೊಸ ತಾಳಿಯ ಅರಿಸಿನದಾರ ಹೊಳೆಯುತ್ತಿದ್ದ ಒಬ್ಬಳು ಹುಡುಗಿ. ಯುವಕ ನಟರಾಜು, ಊರು ಹಂಪಾಪುರ, ಈಗ ಹುಣಸೂರಿನಲ್ಲಿ ಕೆಲಸ ಸಿಕ್ಕಿದೆ. ಹುಡುಗಿ ಅವನ ಹೆಂಡತಿ ಪೂಜಾ. ಇದ್ಯಾವುದೂ ಬಸವಪ್ರಸಾದರಿಗೆ ಗೊತ್ತಿಲ್ಲ. ಅವರ ಕಣ್ಣೆಲ್ಲ ಯಜಮಾನರ ಮುಖದ ಮೇಲೆ.

"ವಿಷಯ ಗೊತ್ತಾಯ್ತು ಪ್ರಸಾದ್ರೇ," ಎಂದರು ಗಂಗಾಧರಪ್ಪ, ಚೀಲದ ಕಡೆ ನೋಡುತ್ತ. "ನೀವೇ ಒಂದ್ ಮಾತು ಹೇಳಬಹುದಿತ್ತು."

ಬಸವಪ್ರಸಾದರು ಸರಿದು ಚೀಲಕ್ಕೆ ಅಡ್ಡ ನಿಂತರು. "ಹೇಳೋಕೆ ಧೈರ್ಯ ಆಗ್ಲಿಲ್ಲ ಸಾರ್."

"ನಾನೇನು ಹುಲೀನಾ? ಇಷ್ಟು ವರ್ಷ ಆದ್ಮೇಲೆ ಒಂದಲ್ಲ ಒಂದು ದಿನ ಇದು ಆಗೋದೇ. ನಮ್ದೇನೂ ಬೇಜಾರಿಲ್ಲ."

"ನಿಜವಾಗ್ಲೂ ಬೇಜಾರಿಲ್ವಾ ಸಾರ್?"

"ಇಲ್ಲ ಅಂತೀನಲ್ರೀ. ಪೂರ್ತಿ ಯಾವಾಗ ಮುಗಿಯತ್ತೆ, ಅದು ಹೇಳಿ. ಇವ್ರೂ ಕಾಯ್ತಾವ್ರೆ."

ಇವರು ಯಾಕೆ ಕಾಯುತ್ತಿದ್ದಾರೆ ಎಂದು ಬಸವಪ್ರಸಾದರಿಗೆ ಹೊಳೆಯಲಿಲ್ಲ. ಇವರ ಮನೆಯ ಕಿಟಕಿಯೂ ಕೆಟ್ಟಿರಬಹುದು, ರಿಪೇರಿ ನೋಡಿ ಕಲಿಯಲು ಬಂದಿರಬಹುದು ಎಂದುಕೊಂಡರು. ಎದೆಯ ಮೇಲಿನ ಚಪ್ಪಡಿ ಇಳಿದ ಸಂತೋಷದಲ್ಲಿ, "ಶನಿವಾರಕ್ಕೆ ಮುಗಿಸಿಬಿಡ್ತೀನಿ ಸಾರ್. ಭಾನುವಾರ ಬೆಳಿಗ್ಗೆ ಇವ್ರು ಬಂದು ನೋಡ್ಲಿ, ಒಂದು ಕುಂದು ಇರಲ್ಲ," ಎಂದರು.

"ಅಂಕಲ್, ಇಲ್ಲಿ ಗಾಳಿ ಚೆನ್ನಾಗಿ ಬರತ್ತಾ?" ಎಂದು ಪೂಜಾ ಕೇಳಿದಳು.

"ಈಗಂತೂ ಬೇಡ ಅಂದ್ರೂ ಬರತ್ತಮ್ಮ," ಎಂದರು ಬಸವಪ್ರಸಾದರು, ಸತ್ಯವಾಗಿ.

ಗಂಗಾಧರಪ್ಪನವರು ಅಲ್ಲೇ ನಟರಾಜುವಿಗೆ ಮಾತು ಕೊಟ್ಟರು. ಇಳಿದು ಹೋಗುವಾಗ ಮೆಟ್ಟಿಲ ಮೇಲೆ, "ಎಂಥಾ ಮನುಷ್ಯ ನೋಡಿ, ಹೋಗೋ ದಿನಾನೂ ನಮ್ಮ ಅನುಕೂಲ ನೋಡಿ ಹೇಳ್ತಾರೆ," ಎನ್ನುತ್ತಿದ್ದರು.

ಪಿರಿಯಾಪಟ್ಟಣದ ಗಾಲಿ ಆಗಲಿಲ್ಲವಾದ್ದರಿಂದ ಬಸವಪ್ರಸಾದರು ಕೆ.ಆರ್. ನಗರಕ್ಕೆ ಹೊರಟರು. ಈ ಸಲವೂ ಕಿಟಕಿ ಜೊತೆಯಲ್ಲೇ. ಗಾಲಿ ಬಿಚ್ಚಿ ಒಯ್ದರೆ ಸಾಕೆಂದು ಚಲುವರಾಜು ಹೇಳಿದ್ದು ನಿಜ; ಆದರೆ ಅಳತೆಯ ವಿಷಯದಲ್ಲಿ ಚಲುವರಾಜುವಿನ ಮಾತನ್ನು ನಂಬುವುದು ಹೇಗೆ? ಅಲ್ಲಿಯ ಅಲ್ಯೂಮಿನಿಯಂ ಅಂಗಡಿಯವನು ಊಟಕ್ಕೆ ಹೋಗಿದ್ದ. ಅದೇ ಊರಿನಲ್ಲಿ ತಂಗಿ ನೀಲಾಂಬಿಕೆಯ ಮನೆ. ನೋಡಿ ಬಹಳ ದಿನವಾಗಿತ್ತು. ಕಿಟಕಿ ಹೊತ್ತುಕೊಂಡೇ ಅಲ್ಲಿಗೆ ಹೋದರು.

ನೀಲಾಂಬಿಕೆಗೆ ಸುನಂದಮ್ಮನ ಫೋನು ಬಂದಾಗಿತ್ತು. ಅಣ್ಣ ಮನೆ ಖಾಲಿ ಮಾಡುತ್ತಿದ್ದಾನೆ. ಪಿರಿಯಾಪಟ್ಟಣದಲ್ಲಿ ನಮ್ಮವರು ಯಾರೂ ಇಲ್ಲ. ಇನ್ನು ಅವನು ಬರುವುದೆಲ್ಲಿಗೆ ಎಂದು ಲೆಕ್ಕ ಹಾಕಿ ಬೆಚ್ಚಿಬಿದ್ದಿದ್ದಳು. ಈಗ ನೋಡಿದರೆ ಅಣ್ಣ ಕಂಬಳಿ ಸುತ್ತಿದ ದೊಡ್ಡ ಗಂಟಿನ ಸಮೇತ ಬಾಗಿಲಲ್ಲಿ.

"ಬಾ ಅಣ್ಣ," ಎಂದಳು, ಬಾಗಿಲಿಗೆ ಅಡ್ಡ ನಿಂತುಕೊಂಡೇ. "ಎಲ್ಲಾ ಗೊತ್ತಾಯ್ತು. ಆದ್ರೆ ನಮ್ಮನೇಲಿ ಜಾಗ ಎಲ್ಲಿದೆ ಹೇಳು. ಮಗಳು ಓದ್ಕೊಳ್ಳೋದೇ ಅಡುಗೆಮನೇಲಿ."

"ಎಷ್ಟು ಜಾಗ ಬೇಕಮ್ಮ? ಗೋಡೆಗೆ ಒರಗಿದ್ರೆ ಸಾಕು," ಎಂದರು ಬಸವಪ್ರಸಾದರು ಗಂಟನ್ನು ತಟ್ಟಿ.

"ಒರಗ್ಕೊಂಡೇ ಇರೋಕಾಗತ್ತಾ? ಮಲಗೋದು ಬೇಡ್ವಾ?"

"ಮಲಗೋ ಹಾಗೇ ಇಲ್ಲ. ಮಲಗಿದ್ರೆ ಯಾರಾದ್ರೂ ತುಳಿದುಬಿಡ್ತಾರೆ. ನಿಂತಿದ್ರೇನೇ ಕ್ಷೇಮ."

ನೀಲಾಂಬಿಕೆಯ ಕಣ್ಣಲ್ಲಿ ನೀರು ತುಂಬಿತು. ಅಣ್ಣನಿಗೆ ತಲೆ ಕೆಟ್ಟಿದೆ, ಅಥವಾ ತನ್ನ ಮೇಲೆ ಭಾರ ಹಾಕಬಾರದೆಂದು ಹೀಗೆ ಮಾತಾಡುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಅವಳಿಗೆ ಕಷ್ಟವೇ. "ಎಷ್ಟು ದಿನ ಅಣ್ಣ?" ಎಂದಳು ಸೋತ ದನಿಯಲ್ಲಿ.

"ದಿನವಾ? ಅಂಗಡಿಯವನು ಊಟ ಮುಗಿಸ್ಕೊಂಡು ಬರ್ಲಿ, ಹೊರಟೆ. ಭಾನುವಾರಕ್ಕೆಲ್ಲ ಎಲ್ಲಾ ಒಂದು ನೆಲೆಗೆ ಬರತ್ತೆ."

ನೀಲಾಂಬಿಕೆಯ ಮುಖ ಅರಳಿತು. ಬಾಗಿಲು ಬಿಟ್ಟು ಸರಿದಳು. ತಟ್ಟೆ ಹಾಕಿದಳು. ಬೇಡ ಬೇಡ ಎಂದರೂ ಶಾವಿಗೆ ಪಾಯಸ ಮಾಡಿದಳು, ತುಪ್ಪ ಸುರಿದಳು, ಹೊರಡುವಾಗ ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಕೈಗಿಟ್ಟಳು. ತಂಗಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಬಸವಪ್ರಸಾದರು ಬಸ್ಸಿನುದ್ದಕ್ಕೂ ಕಿಟಕಿಯನ್ನು ತಬ್ಬಿಕೊಂಡು ಸಂತೋಷಪಟ್ಟರು. ಆ ಪಾಯಸ ಯಾವ ಖುಷಿಗೆ ಎಂದು ಅವರು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು.

ಗಾಲಿ ಮಾತ್ರ ಸರಿಯಾದದ್ದೇ ಸಿಕ್ಕಿತ್ತು. ಹಿತ್ತಾಳೆಯವು, ಬೇರಿಂಗು ಇದ್ದವು, ಉಗುರಿನಿಂದ ತಿರುಗಿಸಿದರೆ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತಿದ್ದವು.

ಆ ವಾರ ಬಸವಪ್ರಸಾದರ ಬದುಕಿನಲ್ಲಿ ಹಿಂದೆಂದೂ ಆಗದ್ದೆಲ್ಲ ಆಯಿತು. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸಿದರು. "ಎಲ್ಲಾ ಸಾಗ್ತಾ ಇದೆಯಾ?" ಎಂದು ಕೇಳಿದರು. "ಅರ್ಧ ಆಗಿದೆ," ಎಂದು ಇವರು ಹೇಳಿದರು. ಒಬ್ಬರು ಕಾಫಿಗೆ ಕರೆದರು. ಇನ್ನೊಬ್ಬರು ಗ್ಯಾಸ್ ಒಲೆ ಇಟ್ಟುಕೊಳ್ಳುತ್ತೀರೋ ಕೊಟ್ಟುಬಿಡುತ್ತೀರೋ ಎಂದು ವಿಚಾರಿಸಿದರು. ಇದೊಂದು ಪ್ರಶ್ನೆ ಮಾತ್ರ ಅವರಿಗೆ ವಿಚಿತ್ರ ಎನ್ನಿಸಿತು. ಒಂದು ಕಿಟಕಿಯ ಬಗ್ಗೆ ಜನಕ್ಕೆ ಇಷ್ಟು ಕಾಳಜಿ ಇರುತ್ತದೆಂದು ಗೊತ್ತಿದ್ದರೆ ಎಂದೋ ಕೆಡಿಸಬಹುದಿತ್ತಲ್ಲ ಎಂದುಕೊಂಡರು.

ಶನಿವಾರ ಇಳಿಹೊತ್ತಿನಲ್ಲಿ ಸುನಂದಮ್ಮ, "ಒಂದ್ ನಿಮಿಷ ಕೆಳಗೆ ಬನ್ನಿ," ಎಂದು ಕರೆದರು. ಇಳಿದು ನೋಡಿದರೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಬೀದಿಗೆ ಬೀದಿಯೇ ಕೂತಿದೆ. ನಡುವಿನ ಕುರ್ಚಿಯಲ್ಲಿ ಇವರನ್ನು ಕೂರಿಸಿ, ಕೊರಳಿಗೆ ಸೇವಂತಿಗೆ ಹಾರ ಹಾಕಿ, ಶಾಲು ಹೊದಿಸಿದರು. ಕಿಟಕಿ ರಿಪೇರಿಗೆ ಈ ಕಾಲದಲ್ಲಿ ಇಷ್ಟೊಂದು ಮರ್ಯಾದೆಯಿದೆಯೇ ಎಂದು ಬಸವಪ್ರಸಾದರು ಬೆರಗಾದರು. ಕೆಲಸ ಇನ್ನೂ ಪೂರ್ತಿ ಆಗಿಲ್ಲವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಗಾಧರಪ್ಪನವರು ಎದ್ದು ಗಂಟಲು ಸರಿಮಾಡಿಕೊಂಡರು.

"ನಮ್ಮ ಪ್ರಸಾದ್ರು ನಾಳೆ ನಮ್ಮನ್ನೆಲ್ಲ ಬಿಟ್ಟು ಹೋಗ್ತಾ ಅವ್ರೆ."

ಬಸವಪ್ರಸಾದರು ಹಿಂದಕ್ಕೆ ತಿರುಗಿ ನೋಡಿದರು, ಇನ್ನೊಬ್ಬ ಪ್ರಸಾದ್ ಇದ್ದಾರೇನೋ ಎಂದು.

"ಇಂಥಾ ಬಾಡಿಗೆದಾರ್ರು ಪುಣ್ಯ ಮಾಡಿದ್ರೆ ಸಿಗೋದು," ಎಂದು ಗಂಗಾಧರಪ್ಪನವರು ಮುಂದುವರಿಸಿದರು. "ಒಂದು ಸದ್ದಿಲ್ಲ, ಗದ್ದಲ ಇಲ್ಲ, ಬರೋರಿಲ್ಲ, ಹೋಗೋರಿಲ್ಲ. ಇವ್ರು ಮೇಲೆ ಅವ್ರೆ ಅಂತಲೇ ನಮಗೆ ಗೊತ್ತಾಗ್ತಿರಲಿಲ್ಲ. ಒಂದ್ಸಲ ಅಂತೂ ಮನೆ ಖಾಲಿ ಇದೆ ಅಂದ್ಕೊಂಡು ಬಾಡಿಗೆಗೆ ಬೋರ್ಡ್ ಹಾಕೋಕೇ ಹೊರಟಿದ್ದೆ!"

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಎದ್ದು ಬಸವಪ್ರಸಾದರ ಇಂಪಾದ ಗಾಯನವನ್ನು ಹೊಗಳಿದರು. ಬಸವಪ್ರಸಾದರು ಎಂದೂ ಹಾಡಿದವರಲ್ಲ. ಹಾಡುತ್ತಿದ್ದದ್ದು ಹಿಂದಿನ ಬಾಡಿಗೆದಾರ. ಮೇಷ್ಟ್ರ ಲೆಕ್ಕದಲ್ಲಿ ಆತ ಇನ್ನೂ ಹೋಗಿರಲಿಲ್ಲ, ಇವರು ಇನ್ನೂ ಬಂದಿರಲಿಲ್ಲ. ಆದರೂ ದನಿ ತುಂಬಿ ಬಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ವಿಮಲಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕಂಬಕ್ಕೊರಗಿ ನಿಂತು, "ಓಗೋರು ಒಂದ್ ಮಾತು ಮೊದ್ಲೇ ಯೋಳ್ಬಾರ್ದಾ? ಎದ್ರುಮನೆ ಅಂದ್ಮೇಲೆ ಅಷ್ಟೂ ಇಲ್ವಾ?" ಎಂದು ಸಿಡಿದರು.

"ಈಗ ಪ್ರಸಾದ್ರು ಎರಡು ಮಾತಾಡ್ತಾರೆ," ಎಂದರು ಸುನಂದಮ್ಮ.

ಬಸವಪ್ರಸಾದರು ಎದ್ದರು. ಎದುರಿಗೆ ಅಷ್ಟೂ ಮುಖಗಳು ಇವರನ್ನೇ ನೋಡುತ್ತಿದ್ದವು. ಒಬ್ಬರ ಕಣ್ಣು ಒದ್ದೆಯಾಗಿತ್ತು. ಒಬ್ಬರು ಖಾರದ ತಟ್ಟೆ ಹಿಡಿದು ಕಾಯುತ್ತಿದ್ದರು. "ನಾನು... ನಿಜ ಹೇಳಬೇಕಂದ್ರೆ... ನಾನು ಎಲ್ಲಿಗೂ..."

"ಎಲ್ಲಿಗೇ ಹೋದ್ರೂ ನಮ್ಮನ್ನ ಮರೀಬೇಡಿ!" ಎಂದು ಗಂಗಾಧರಪ್ಪನವರು ಕೂಗಿದರು. ಚಪ್ಪಾಳೆ ಅಂಗಳ ತುಂಬಿ ಬೀದಿಗೆ ಹರಿಯಿತು. ಬಸವಪ್ರಸಾದರು ಕೈಮುಗಿದು ಕೂತುಬಿಟ್ಟರು.

ಇನ್ನೂ ಬೆಳಕಿರುವಾಗಲೇ ಮೇಲೆ ಬಂದು, ಹಾರವನ್ನು ಮೊಳೆಗೆ ಸಿಕ್ಕಿಸಿ, ಶಾಲು ಹೊದ್ದುಕೊಂಡೇ ಕೆಲಸಕ್ಕೆ ಕೂತರು. ತೋಡಿನಲ್ಲಿದ್ದ ಮಣ್ಣನ್ನು ಹಳೇ ಬ್ರಷ್ಷಿನಲ್ಲಿ ತೆಗೆದರು. ಹೊಸ ಗಾಲಿ ಕೂರಿಸಿದರು, ತಿರುಪು ಬಿಗಿದರು, ಕಿಟಕಿಯನ್ನು ಮೇಲಕ್ಕೆತ್ತಿ ಬುಡವನ್ನು ಮೆಲ್ಲನೆ ಒಳಗೆ ಇಳಿಸಿದರು. ಇನ್ನೊಂದು ಬಾಗಿಲಿಗೂ ಹಾಗೇ ಮಾಡಿದರು. ಬೆರಳಿಟ್ಟರು. ಕಿಟಕಿ ಸರಿದುಹೋಯಿತು. ಸದ್ದೇ ಇಲ್ಲ. ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಇದನ್ನು ಯಾರಿಗಾದರೂ ತೋರಿಸಬೇಕು ಎನ್ನಿಸಿತು. ಆದರೆ ಬೀದಿಯವರೆಲ್ಲ ಅವರಿಗೆ ವಿದಾಯ ಹೇಳಿ, ಖಾರ ತಿಂದು, ಮನೆ ಸೇರಿಕೊಂಡಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಯಜಮಾನರಿಗೆ ನಿಜ ಹೇಳಿಬಿಡುವುದೆಂದು ನಿಶ್ಚಯಿಸಿ ಮಲಗಿದರು.

ಬೆಳಿಗ್ಗೆ ಅವರಿಗಿಂತ ಮೊದಲು ಟೆಂಪೋ ಎದ್ದಿತ್ತು. ನಟರಾಜು ಮತ್ತು ಪೂಜಾ ಎಚ್.ಡಿ. ಕೋಟೆ ದಾರಿಯಿಂದ ಮಂಚ, ಬೀರು, ಹೊಸ ಪಾತ್ರೆಗಳ ಸಮೇತ ಬಂದು ಇಳಿದಿದ್ದರು. ಬಸವಪ್ರಸಾದರು ಮುಖ ತೊಳೆದು ಬರುವಷ್ಟರಲ್ಲಿ ಬೀದಿಯವರೆಲ್ಲ ಮಹಡಿಯ ಮೇಲಿದ್ದರು. "ನೀವು ಕೈ ಹಾಕ್ಬೇಡಿ, ನಾವಿಲ್ವಾ?" ಎಂದು ಒಬ್ಬರು ಮಂಚ ಹೊತ್ತರು. ಒಬ್ಬರು ಟ್ರಂಕು, ಒಬ್ಬರು ಬಕೆಟ್ಟು. ಬಸವಪ್ರಸಾದರು, "ಒಂದ್ನಿಮಿಷ, ಒಂದ್ನಿಮಿಷ," ಎನ್ನುತ್ತ ಹಿಂದೆ ಮುಂದೆ ಓಡಾಡಿದರು. ಕೊನೆಗೆ ಯಾರೋ ಕೈಗೆ ಕೊಟ್ಟ ತಮ್ಮದೇ ದಿಂಬನ್ನು ಹಿಡಿದು ತಾವೂ ಕೆಳಗಿಳಿದರು. ಜನ ಇಷ್ಟು ಪ್ರೀತಿಯಿಂದ ಹೊರಹಾಕುವಾಗ ಬೇಡ ಎನ್ನುವುದು ಹೇಗೆ?

ಖಾಲಿಯಾದ ಟೆಂಪೋಗೆ ಇವರ ಸಾಮಾನೆಲ್ಲ ಏರಿತು. ಡ್ರೈವರ್ ಬಾಗಿಲಿಂದ ತಲೆ ಹೊರಗೆ ಹಾಕಿ, "ಎಲ್ಲಿಗ್ ಸಾರ್?" ಎಂದ.

ಬಸವಪ್ರಸಾದರು ದಿಂಬು ಹಿಡಿದು ನಿಂತಿದ್ದರು.

"ಪಿರಿಯಾಪಟ್ಟಣಕ್ಕಲ್ವಾ?" ಎಂದರು ಸುನಂದಮ್ಮ.

"ಅಲ್ಲಿ ನನಗೆ ಯಾರೂ ಇಲ್ಲಮ್ಮ."

"ತಂಗಿ ಮನೆಗಾ?"

"ಅಲ್ಲಿ ಜಾಗ ಇಲ್ಲ." ಇದನ್ನು ಹೇಳಿದ ಮೇಲೆ, ನೀಲಾಂಬಿಕೆ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು ಏನು ಎಂಬುದು ಅವರಿಗೆ ಅರ್ಥವಾಯಿತು. ದಿಂಬನ್ನು ಎದೆಗೆ ಒತ್ತಿಕೊಂಡರು. "ನಾನು ಎಲ್ಲಿಗೂ ಹೋಗ್ತಿಲ್ಲ. ಕಿಟಕಿ ರಿಪೇರಿ ಮಾಡಿಸ್ತಿದ್ದೆ, ಅಷ್ಟೇ."

ಮೊದಲು ಮಾತು ಬಂದದ್ದು ಗಂಗಾಧರಪ್ಪನವರಿಗೆ.

"ನನ್ ಕಿಟಕಿ ಕೆಟ್ಟಿತ್ತಾ?"

"ಗಾಲಿ ಸವೆದಿತ್ತು ಸಾರ್."

"ಮೈಸೂರಿಂದ ತರಿಸಿದ್ ಕಿಟಕಿ ಕಣ್ರೀ!"

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಹಾಗಾದರೆ ಶಾಲು ಯಾಕೆ ಹೊದ್ದಿರಿ ಎಂದು ಒಬ್ಬರು. ನಾನು ಅತ್ತದ್ದಕ್ಕೆ ಅರ್ಥವೇನು ಎಂದು ಮೇಷ್ಟ್ರು. ಕೊಟ್ಟ ಮಾತಿಗೆ ಏನು ಮಾಡಲಿ ಎಂದು ಗಂಗಾಧರಪ್ಪ. ನಟರಾಜು ಬೆವರು ಒರೆಸಿಕೊಳ್ಳುತ್ತ, "ನಾವು ಬೇರೆ ಕಡೆ ನೋಡ್ಕೋತೀವಿ ಬುಡಿ ಸಾರ್," ಎಂದ, ಒಳ್ಳೆಯ ಹುಡುಗ. "ಪೂಜಾ, ಇಳಿದ್ ಬಾ!"

ಮೇಲೆ ಕಿಟಕಿ ಸರಿಯಿತು. ಒಂದೇ ಬೆರಳಿನಲ್ಲಿ, ನೀರಿನ ಮೇಲೆ ಎಲೆ ತೇಲಿದ ಹಾಗೆ. ಪೂಜಾ ಮುಖ ಹೊರಗೆ ಹಾಕಿ, "ರೀ, ಈ ಕಿಟಕಿ ನೋಡಿ, ಎಷ್ಟು ಚೆನ್ನಾಗಿದೆ! ನಾನಿನ್ನು ಈ ಮನೆ ಬಿಡಲ್ಲ. ಹಾಲೂ ಉಕ್ಕಿತು!" ಎಂದಳು.

ಹಾಲು ಉಕ್ಕಿಸಿದ ಮೇಲೆ ಮುಗಿಯಿತು. ಹೊಸ ಮುತ್ತೈದೆ ಹಾಲುಕ್ಕಿಸಿದ ಮನೆಯಿಂದ ಅವಳನ್ನು ಇಳಿಸುವ ಎದೆ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಉಕ್ಕಿದ್ದು ಬಸವಪ್ರಸಾದರ ಒಲೆಯ ಮೇಲೆ. ಅದೊಂದನ್ನು ಕೆಳಗಿಳಿಸುವುದು ಮರೆತುಹೋಗಿತ್ತು.

"ಅವರೇ ಇರ್ಲಿ ಬಿಡಿ," ಎಂದರು ಬಸವಪ್ರಸಾದರು. ಹೇಳಿ, ಕತ್ತೆತ್ತಿ ಕಿಟಕಿಯನ್ನೇ ನೋಡಿದರು. ಕೆಲಸ ಇಷ್ಟು ಚೆನ್ನಾಗಿ ಬಂದಿದೆಯೆಂಬುದು ಹೊರಗಿನಿಂದ ನೋಡಿದಾಗಲೇ ತಿಳಿದದ್ದು.

"ನೋಡಿದ್ರಾ," ಎಂದು ಗಂಗಾಧರಪ್ಪನವರು ಸುತ್ತಲವರಿಗೆ ಹೇಳಿದರು, "ಜನ್ಮದಲ್ಲಿ ಕೆಡಲ್ಲ ಅಂದಿದ್ನೋ ಇಲ್ವೋ?"

ಟೆಂಪೋದವನಿಗೆ ಇನ್ನೊಂದು ಬಾಡಿಗೆ ಇತ್ತು. ಸಾಮಾನನ್ನೆಲ್ಲ ಬೀದಿಗಿಳಿಸಿ ಹೊರಟುಹೋದ. ಬೀದಿಯವರಿಗೂ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಯಿತು. ಒಬ್ಬರ ಒಲೆ ಮೇಲೆ ಬೇಳೆ ಇತ್ತು, ಇನ್ನೊಬ್ಬರಿಗೆ ಸಂತೆಗೆ ಹೊತ್ತಾಗಿತ್ತು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಡುಬೀದಿಯಲ್ಲಿ ಮಂಚ, ಮಂಚದ ಮೇಲೆ ಬಸವಪ್ರಸಾದರು, ಅವರ ತೊಡೆಯ ಮೇಲೆ ದಿಂಬು. ಒಂದು ನಾಯಿ ಬಂದು ಟ್ರಂಕನ್ನು ಮೂಸಿ, ಅದರಲ್ಲೂ ಏನೂ ಇಲ್ಲವೆಂದು ಹೊರಟುಹೋಯಿತು. ಅವರು ಎದ್ದು ಹೋಗಬಹುದಾಗಿತ್ತು. ಎಲ್ಲಿಗೆ ಎಂಬುದೊಂದೇ ತೊಡಕು.

ಬಿಸಿಲು ಮಂಚದ ಕಾಲಿಗೆ ಬಂತು. ವಿಮಲಮ್ಮನ ಬಾಗಿಲು ತೆರೆಯಿತು.

"ಇನ್ನೆಷ್ಟೊತ್ತು ಅಂಗೇ ಕೂತಿರ್ತೀಯ? ಮದ್ವೆ ಗಂಡಿನಂಗೆ."

ಬಸವಪ್ರಸಾದರು ದಿಂಬನ್ನು ಪಕ್ಕಕ್ಕಿಟ್ಟು ಎದ್ದು ನಿಂತರು.

"ನಮ್ ಅಟ್ಟದ್ ಮೇಲಿನ್ ರೂಮು ಸುಮ್ನೆ ಬಿದ್ದೈತೆ. ನಮ್ಮ ಯಜಮಾನ್ರು ಇದ್ದಾಗ ಹೊಗೆಸೊಪ್ಪು ಇಡ್ತಿದ್ದೊ. ಇನ್ನೂವೆ ವಾಸ್ನೆ ಓಗಿಲ್ಲ. ತಡ್ಕಂತೀಯಾ?"

"ತಡ್ಕೋತೀನಮ್ಮ."

"ಕಿಟ್ಕಿ ಒಂದೈತೆ. ಮರದ್ದು. ತೆಗ್ಯಕಾಗಕಿಲ್ಲ."

"ಪರವಾಗಿಲ್ಲಮ್ಮ."

ಈ ಸುದ್ದಿ ಕೇಳಿದ್ದೇ ತಡ, ಮುಚ್ಚಿದ್ದ ಬಾಗಿಲುಗಳೆಲ್ಲ ತೆರೆದುಕೊಂಡವು. ಬೇಳೆ ಬೆಂದಿತ್ತು, ಸಂತೆಗೆ ಇನ್ನೂ ಹೊತ್ತಿತ್ತು. ಎಲ್ಲರೂ ಬಂದು ಮಂಚ, ಟ್ರಂಕು, ಬಕೆಟ್ಟುಗಳನ್ನು ಬೀದಿಯ ಆ ಬದಿಯಿಂದ ಈ ಬದಿಗೆ ಸಾಗಿಸಿದರು. ಸುನಂದಮ್ಮ ಒಲೆಯನ್ನು ಒರೆಸಿ ತಂದುಕೊಟ್ಟು, "ಆಗಾಗ ನಮ್ಮ ಕಡೆ ಬತ್ತಾ ಇರಿ," ಎಂದರು, ಬಹಳ ದೂರ ಹೋಗುವವರಿಗೆ ಹೇಳುವ ಹಾಗೆ.

ಸಂಜೆ ಆ ರೂಮಿನಲ್ಲಿ ಬಸವಪ್ರಸಾದರು ಒಬ್ಬರೇ ಕೂತಿದ್ದರು. ಹೊಗೆಸೊಪ್ಪಿನ ಘಾಟಿಗೆ ಕಣ್ಣು ಉರಿಯುತ್ತಿತ್ತು. ಉರಿ ಘಾಟಿನದೇ ಎಂದು ಅಂದುಕೊಳ್ಳುವುದು ಅನುಕೂಲವಾಗಿತ್ತು. ಕೆಳಗಿಂದ ಕೂಗು ಬಂತು. "ಪ್ರಸಾದಪ್ಪಾ! ಮುದ್ದೆ ಆರೋಯ್ತದೆ. ಇಳೀತೀಯೋ, ನಾನೇ ಅತ್ತಿ ಬರ್ಬೇಕೋ?"

ಇಳಿದು ಹೋದರು. ಅಡುಗೆಮನೆ ತುಂಬ ಭಾನುವಾರದ ಕೋಳಿ ಸಾರಿನ ಪರಿಮಳ. ಬಸವಪ್ರಸಾದರು ಹೊಸ್ತಿಲಲ್ಲೇ ತಡೆದು ನಿಂತರು.

"ಎದ್ರುಕಬೇಡ, ಬಾ," ಎಂದರು ವಿಮಲಮ್ಮ. "ಲಿಂಗ ಕಟ್ಟೋರು ಅಂತ ಗೊತ್ತಿಲ್ವಾ ನಂಗೆ? ನಿಂಗೆ ಬ್ಯಾರೆ ಪಾತ್ರೇಲಿ ಬಸ್ಸಾರು ಮಾಡಿವ್ನಿ."

ಬಸವಪ್ರಸಾದರು ಕೂತರು. ತಟ್ಟೆಯಲ್ಲಿ ಮುದ್ದೆ ಹೊಗೆಯಾಡುತ್ತಿತ್ತು. ತಮಗೆಂದೇ ಒಬ್ಬರು ಬೇರೆ ಪಾತ್ರೆ ಇಟ್ಟು ಅಡುಗೆ ಮಾಡಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿ, ಆಗದೆ, ಮುದ್ದೆ ಮುರಿದರು. ವಿಮಲಮ್ಮ ಟೀವಿಯ ಕಡೆ ಮುಖ ಮಾಡಿಕೊಂಡೇ ತಮ್ಮ ಊಟ ಮುಗಿಸಿದರು; ಧಾರಾವಾಹಿಯ ಅತ್ತೆಗೆ ಒಂದೆರಡು ಬೈದರು. ಜಾಹೀರಾತು ಬಂದಾಗ ಇವರ ಕಡೆ ತಿರುಗಿದರು.

"ಮಧ್ಯಾಹ್ನದಿಂದ ನೋಡ್ತಾ ಇವ್ನಿ, ಆ ರೂಮಿನ್ ಮರದ್ ಕಿಟ್ಕೀನೇ ನೋಡ್ತಾ ಕೂತಿದ್ದೀಯ. ಮುಟ್ಟಬೇಡ ಕಣಪ್ಪ ಅದನ್ನ. ಇನ್ನೊಂದ್ ದಪ ನಿನ್ನ ಕಳ್ಸಿಕೊಡಕ್ಕೆ ನಮ್ ಕೈಲಾಗಕಿಲ್ಲ."

ಎಂದು ಹೇಳಿ, ಕೇಳದೆಯೇ ಇನ್ನೊಂದು ಮುದ್ದೆ ಹಾಕಿದರು.